ಚಿಕಾಗೋ ಚಳಿಯಲ್ಲಿ ಅಂಜೂರ: ಗಿಡ ಬದುಕುತ್ತೆ, ಕಾಯಿ ಮಾತ್ರ ಹಣ್ಣಾಗಲ್ಲ

ಹಿತ್ತಲಗಿಡ (ನೇಪರ್‌ವಿಲ್)

ಎಲ್ಲರಿಗೂ ನಮಸ್ಕಾರ. ಮನೆಯ ದಕ್ಷಿಣ ಗೋಡೆ ಪಕ್ಕ ನೆಲದಲ್ಲಿ 'ಚಿಕಾಗೋ ಹಾರ್ಡಿ' ಅಂಜೂರ ಇದೆ, ಇದು ನಾಲ್ಕನೇ ವರ್ಷ. ಪ್ರತಿ ಚಳಿಗಾಲದಲ್ಲೂ ಕೊಂಬೆಗಳು ಬುಡದವರೆಗೆ ಒಣಗಿಹೋಗುತ್ತವೆ. ಮೇ ಕೊನೆಗೆ ಮಣ್ಣಿನಿಂದ ಹತ್ತು ಹನ್ನೆರಡು ಚಿಗುರು ಬಂದು ಸೆಪ್ಟೆಂಬರ್ ಹೊತ್ತಿಗೆ 6-7 ಅಡಿ ಆಗುತ್ತವೆ. ಆಗಸ್ಟ್ ಮಧ್ಯದಲ್ಲಿ ಕಾಯಿ ಕಾಣಿಸುತ್ತೆ, ಅಕ್ಟೋಬರ್‌ನ ಮೊದಲ ಫ್ರಾಸ್ಟ್‌ಗೆ (ಇಬ್ಬನಿ ಹೆಪ್ಪುಗಟ್ಟುವ ಚಳಿಗೆ) ಎಲ್ಲ ಹಸಿರಾಗಿಯೇ ಹೋಗುತ್ತೆ. ಮೇಯಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ 10-10-10 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಗೊಬ್ಬರ ಹಾಕುತ್ತಿದ್ದೇನೆ.

ಇಲ್ಲಿ ಪರಾಗಸ್ಪರ್ಶ ಮಾಡುವ ಕಣಜ ಇಲ್ಲ ಅನ್ನೋದು ಕಾರಣವೇ? ಕುಂಡಕ್ಕೆ ಬದಲಾಯಿಸಲೇ? ಗ್ಯಾರೇಜಿಗೆ ಹೀಟರ್ ಇಲ್ಲ, ಜನವರಿಯಲ್ಲಿ ಒಳಗೆ -6 ಡಿಗ್ರಿವರೆಗೂ ಇಳಿಯುತ್ತೆ (ಸೆಲ್ಸಿಯಸ್). ಊರಿಂದ ಬರುವಾಗ ಬಳ್ಳಾರಿ ಕಡೆಯ ಕಡ್ಡಿ ತರಬಹುದಾ ಅಂತಲೂ ಯೋಚನೆ ಇದೆ.

ಗೆಣ್ಣು_ಚಿಗುರು

ಕಣಜದ ವಿಷಯ ಮೊದಲು. ಅತ್ತಿಹಣ್ಣು ಬಿಚ್ಚಿದರೆ ಒಳಗೆಲ್ಲ ಹುಳ ಅನ್ನೋದು ನಾವೆಲ್ಲ ಕೇಳಿ ಬೆಳೆದ ಮಾತು. ಅತ್ತಿಗೆ ಅದು ನಿಜ, ಅದರ ಕಣಜ ಕಾಯಿಯೊಳಗೇ ಹುಟ್ಟುತ್ತೆ. ಅಂಜೂರ ಅದೇ ಕುಲದ್ದೇ ಆದರೂ ಮನೆಯಲ್ಲಿ ಬೆಳೆಸುವ ತಳಿಗಳು ಪರಾಗ ಇಲ್ಲದೆಯೇ ಹಣ್ಣು ಕೊಡುತ್ತವೆ, ಚಿಕಾಗೋ ಹಾರ್ಡಿಯೂ ಅಷ್ಟೆ. ಕಣಜ ಬೇಕಾಗಿರೋದು ಸ್ಮಿರ್ನಾ ಅನ್ನೋ ಅಂಜೂರ ತಳಿಗಳ ಗುಂಪಿಗೆ. ಅವುಗಳ ಕಾಯಿ ಪರಾಗ ಸಿಗದಿದ್ದರೆ ಚಿಕ್ಕದಿರುವಾಗಲೇ ಉದುರುತ್ತೆ. ನಿಮ್ಮ ಕಾಯಿ ಅಕ್ಟೋಬರ್‌ವರೆಗೆ ಗಿಡದಲ್ಲೇ ನಿಂತಿದೆ ಅಂದಮೇಲೆ ಸಮಸ್ಯೆ ಅದಲ್ಲ.

ಸಮಸ್ಯೆ ದಿನಗಳ ಲೆಕ್ಕದ್ದು. ಅಂಜೂರದ ಮುಖ್ಯ ಫಸಲು ಹೊಸ ಚಿಗುರಿನ ಎಲೆಕಂಕುಳಲ್ಲಿ ಬರುತ್ತೆ. ಕಾಳುಮೆಣಸಿನಷ್ಟು ಕಾಯಿ ಕಂಡ ದಿನದಿಂದ ಹಣ್ಣಾಗಲು ಸುಮಾರು 90 ದಿನ, ಬಿಸಿಲು ಕಡಿಮೆ ಇದ್ದರೆ ಇನ್ನೂ ಹೆಚ್ಚು. ಆಗಸ್ಟ್ 15ಕ್ಕೆ ಕಂಡ ಕಾಯಿ ನವೆಂಬರ್ ಮಧ್ಯಕ್ಕೆ ಹಣ್ಣಾಗಬೇಕು. ಚಿಕಾಗೋದಲ್ಲಿ ಅದು ಆಗದ ಮಾತು. ಬುಡದಿಂದ ಹೊಸದಾಗಿ ಎದ್ದ ಚಿಗುರು ಮೊದಲು ಬರೀ ಎತ್ತರ ಹೋಗುತ್ತೆ, ಕಾಯಿ ತಡ. ಅದೇ ಹಳೆಯ ಕೊಂಬೆ ಒಂದು ಅಡಿ ಉಳಿದಿದ್ದರೂ ಅದರ ಗೆಣ್ಣಿನಿಂದ ಮೇ ಮೊದಲಲ್ಲೇ ಚಿಗುರೊಡೆದು ಜೂನ್ ಕೊನೆಗೆ ಕಾಯಿ ಕಾಣಿಸುತ್ತೆ. ಅಲ್ಲಿಗೆ ಸೆಪ್ಟೆಂಬರ್ ಕೊನೆಗೆ ಹಣ್ಣು. ಆ ಒಂದು ಅಡಿ ಹಳೆ ಕೊಂಬೆಯನ್ನು ಚಳಿಯಿಂದ ಉಳಿಸೋದೇ ನಿಮ್ಮ ಕೆಲಸ, ಉಳಿದದ್ದೆಲ್ಲ ಆಮೇಲೆ.

ಈ ವರ್ಷಕ್ಕೆ: ಹತ್ತು ಹನ್ನೆರಡು ಚಿಗುರಿನಲ್ಲಿ ದಪ್ಪಗಿರುವ ನಾಲ್ಕನ್ನು ಮಾತ್ರ ಬಿಟ್ಟು ಉಳಿದವನ್ನು ಬುಡಕ್ಕೆ ಕತ್ತರಿಸಿ. ಎಲೆಗಳು ಒಂದಕ್ಕೊಂದು ನೆರಳು ಮಾಡಿದರೆ ಕಂಕುಳಲ್ಲಿ ಕಾಯಿ ಕಟ್ಟೋದಿಲ್ಲ. ಜುಲೈ ಮೊದಲ ವಾರದೊಳಗೆ ಪ್ರತಿ ಚಿಗುರಿನ ಕುಡಿಯನ್ನು ಉಗುರಲ್ಲಿ ಚಿವುಟಿ. ಚಿವುಟಬೇಕಾದ್ದು ತುದಿಯ ಅರ್ಧ ಇಂಚು ಮಾತ್ರ. ಎತ್ತರಕ್ಕೆ ಹೋಗುವ ಶಕ್ತಿ ಕಂಕುಳಿಗೆ ತಿರುಗುತ್ತೆ.

ಗೊಬ್ಬರ ಜುಲೈ ಮಧ್ಯಕ್ಕೆ ನಿಲ್ಲಿಸಿಬಿಡಿ. ಸೆಪ್ಟೆಂಬರ್‌ವರೆಗೆ ಸಾರಜನಕ ಕೊಟ್ಟರೆ ಕೊಂಬೆ ಬಲಿಯದೆ ಹಸಿರಾಗೇ ಚಳಿಗೆ ಸಿಕ್ಕುತ್ತೆ. ಬಲಿತ ಕೊಂಬೆ ತಡೆಯುವ ಚಳಿಯನ್ನು ಹಸಿ ಕೊಂಬೆ ತಡೆಯೋದಿಲ್ಲ. ಬುಡದವರೆಗೆ ಸಾಯುವುದಕ್ಕೆ ಇದೂ ಒಂದು ಕಾರಣ.

ಬಳ್ಳಾರಿ ಕಡ್ಡಿ ಬೇಡ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಗಿಡದ ಕಡ್ಡಿ ಅಮೆರಿಕಕ್ಕೆ ತರುವಂತಿಲ್ಲ. ತಂದರೂ ಬಯಲುಸೀಮೆಯ ಬಿಸಿಲಲ್ಲಿ ಫಲ ಕೊಡುವ ತಳಿಗೆ ಇಲ್ಲಿಯ ಐದು ತಿಂಗಳು ಸಾಲದು. ಬೇಗ ಹಣ್ಣಾಗುವ ತಳಿ ಬೇಕಿದ್ದರೆ 'ರೋಂಡ್ ದ ಬೋರ್ಡೋ' ಅಥವಾ 'ಫ್ಲೋರಿಯಾ' ಹುಡುಕಿ, ಎರಡೂ ಇಲ್ಲೇ ಸಿಗುತ್ತವೆ.

ಕುಂಡದ ತೋಟ

ಗ್ಯಾರೇಜ್ ಇದೆ ಅಂತಾದರೆ ಕುಂಡವೇ ಖಾತ್ರಿಯ ದಾರಿ. ನೆಲದ ಗಿಡವನ್ನು ಕೀಳಬೇಡಿ, ಇನ್ನೊಂದು ಗಿಡ ಕುಂಡದಲ್ಲಿ ಹಾಕಿ.

ಕೊನೆಗೆ ಬೇಕಾಗುವ ಕುಂಡ 15 ಗ್ಯಾಲನ್, ಅಂದರೆ 57 ಲೀಟರ್. ಚಿಕ್ಕ ಗಿಡವನ್ನು ನೇರವಾಗಿ ಅದರಲ್ಲಿ ನೆಡಬೇಡಿ. 1, 5, 15 ಹೀಗೆ ಏರಿಸಿ, ಇಲ್ಲದಿದ್ದರೆ ಬೇರು ತಲುಪದ ಜಾಗದಲ್ಲಿ ನೀರು ನಿಂತು ಕೊಳೆಯುತ್ತೆ. ತೋಟದ ಮಣ್ಣು ಬೇಡವೇ ಬೇಡ, ಎರಡೇ ವರ್ಷದಲ್ಲಿ ಗಟ್ಟಿಯಾಗುತ್ತೆ. ಪೈನ್ ತೊಗಟೆಯ ಸಣ್ಣ ಚೂರು 5 ಪಾಲು, ಪೀಟ್ (ಜೌಗುನೆಲದ ಕೊಳೆತ ಪಾಚಿ) 1, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) 1. ಪೀಟ್ ಮತ್ತು ತೊಗಟೆ ಎರಡೂ ಹುಳಿ ಇರುವುದರಿಂದ ಗ್ಯಾಲನ್ ಮಿಶ್ರಣಕ್ಕೆ ಒಂದು ಟೇಬಲ್ ಚಮಚ ಡಾಲೊಮೈಟ್ ಸುಣ್ಣ. ಇದರಲ್ಲಿ ಪೋಷಕಾಂಶ ಏನೂ ಇರೋದಿಲ್ಲ. ಹಾಗಾಗಿ ಚಿಗುರಿದ ಮೇಲೆ ನೀರಲ್ಲಿ ಕರಗುವ ಗೊಬ್ಬರ, ಗ್ಯಾಲನ್ ನೀರಿಗೆ ಅರ್ಧ ಟೀ ಚಮಚ, ವಾರಕ್ಕೊಮ್ಮೆ. ಇದನ್ನೂ ಜುಲೈ ಮಧ್ಯಕ್ಕೆ ನಿಲ್ಲಿಸಬೇಕು.

ನೀರೇ ದೊಡ್ಡ ಕೆಲಸ. ಜುಲೈ, ಆಗಸ್ಟ್‌ನಲ್ಲಿ ದೊಡ್ಡೆಲೆಯ ಗಿಡ ದಿನಕ್ಕೊಮ್ಮೆ ಕುಡಿಯುತ್ತೆ, ತೀರಾ ಸೆಕೆ ಇದ್ದರೆ ಎರಡು ಸಲ. ಒಂದು ಮಧ್ಯಾಹ್ನ ಪೂರ್ತಿ ಒಣಗಿ ಎಲೆ ಜೋತುಬಿದ್ದರೂ ಕಾಯಿ ಉದುರುತ್ತೆ, ಅದು ಗೊತ್ತಾಗೋದು ನಾಲ್ಕು ದಿನ ಆದಮೇಲೆ.

ಗ್ಯಾರೇಜಿಗೆ ಯಾವಾಗ? ಒಂದೆರಡು ಹಗುರ ಫ್ರಾಸ್ಟ್ ತಗಲಿ ಎಲೆ ಕಪ್ಪಾಗಿ ಉದುರಲಿ, ಆಗಲೇ ಗಿಡ ನಿದ್ದೆಗೆ ಹೋಗೋದು. ಎಲೆ ಇರುವಾಗಲೇ ಒಳಗೆ ತಂದರೆ ಅದಕ್ಕೆ ನಿದ್ದೆ ಬರಲ್ಲ, ಕತ್ತಲಲ್ಲಿ ಬಿಳಿಚಿಕೊಂಡು ಸೊರಗುತ್ತೆ. ಉಳಿದ ಎಲೆ, ಕಾಯಿ ಎಲ್ಲ ಕಿತ್ತುಹಾಕಿ, ಬೂಷ್ಟು ಶುರುವಾಗೋದು ಅಲ್ಲಿಂದಲೇ.

ನಿಮ್ಮ -6 ಸ್ವಲ್ಪ ಅಪಾಯ. ಬಲಿತ ಕೊಂಬೆ ತಡೆದೀತು, ಕುಂಡದಲ್ಲಿ ಹೆಪ್ಪುಗಟ್ಟಿದ ಬೇರು ತಡೆಯೋದು ಕಷ್ಟ. ಕುಂಡವನ್ನು ಮನೆಗೆ ಅಂಟಿದ ಗೋಡೆ ಪಕ್ಕ ಇಡಿ, ಕೆಳಗೆ 2 ಇಂಚಿನ ಫೋಮ್ ಬೋರ್ಡ್, ಸುತ್ತ ಹಳೆ ಕಂಬಳಿ. ಸಿಮೆಂಟ್ ನೆಲದ ಮೇಲೆ ನೇರ ಇಟ್ಟರೆ ಬುಡದಿಂದಲೇ ತಣ್ಣಗಾಗುತ್ತೆ. ಬೇರಿನ ಹತ್ತಿರ -3ಕ್ಕಿಂತ ಕೆಳಗೆ ಹೋಗಬಾರದು, 7ಕ್ಕಿಂತ ಮೇಲೂ ಹೋಗಬಾರದು. ಬೆಚ್ಚಗಾದರೆ ಫೆಬ್ರವರಿಯಲ್ಲೇ ಚಿಗುರೊಡೆದು ಬೆಳಕಿಲ್ಲದೆ ಹಾಳಾಗುತ್ತೆ. ಗೋಡೆಯ ಥರ್ಮಾಮೀಟರ್ ನಂಬಬೇಡಿ, ತಂತಿ ಇರುವ ಪ್ರೋಬ್ ಅನ್ನು ಮಣ್ಣಲ್ಲಿ ಚುಚ್ಚಿಡಿ. ನೀರು ಮೂರು ನಾಲ್ಕು ವಾರಕ್ಕೊಮ್ಮೆ ಒಂದು ಲೋಟ. ಚಳಿಗಿಂತ ಗ್ಯಾರೇಜಲ್ಲಿ ಪೂರ್ತಿ ಒಣಗಿ ಸಾಯುವ ಗಿಡಗಳೇ ಹೆಚ್ಚು ಅಂತ ನನ್ನ ಅಭಿಪ್ರಾಯ.

ಏಪ್ರಿಲ್ ಮಧ್ಯಕ್ಕೆ ಹೊರಗೆ ತನ್ನಿ. ಹಗಲು ಹೊರಗೆ, 0 ಡಿಗ್ರಿಗೆ ಇಳಿಯುವ ರಾತ್ರಿ ಒಳಗೆ, ಚಕ್ರದ ಮಣೆ ಇದ್ದರೆ ಬೆನ್ನು ಉಳಿಯುತ್ತೆ. ಒಳಗೇ ಎಲೆ ಬಿಟ್ಟಿದ್ದರೆ ಮೊದಲ ವಾರ ನೆರಳಲ್ಲಿಡಿ, ನೇರ ಬಿಸಿಲಿಗೆ ಒಂದೇ ದಿನದಲ್ಲಿ ಎಲೆ ಬೆಳ್ಳಗೆ ಸುಟ್ಟುಹೋಗುತ್ತೆ. ಚಿಗುರು ಐದಾರು ಎಲೆ ಬಿಟ್ಟಾಗ ಕುಡಿ ಚಿವುಟಿ. ಸೆಪ್ಟೆಂಬರ್ ಮಧ್ಯಕ್ಕೆ ಹಣ್ಣು ತಿನ್ನಬಹುದು.

ಎರಡು ಮೂರು ವರ್ಷಕ್ಕೊಮ್ಮೆ, ಚಿಗುರುವ ಮುಂಚೆ, ಗಿಡ ಹೊರತೆಗೆದು ಬೇರಿನ ಉಂಡೆಯ ಸುತ್ತ ಮತ್ತು ತಳದಲ್ಲಿ ಮೂರನೇ ಒಂದು ಪಾಲು ಕತ್ತರಿಸಿ ಹೊಸ ಮಿಶ್ರಣ ತುಂಬಬೇಕು. ಹಳೆ ಗರಗಸ ಸಾಕು.

ಹಿತ್ತಲಗಿಡ (ನೇಪರ್‌ವಿಲ್)

ಇಬ್ಬರಿಗೂ ತುಂಬ ಧನ್ಯವಾದ. ಗೊಬ್ಬರ ಇವತ್ತೇ ನಿಲ್ಲಿಸುತ್ತೇನೆ. ನೆಲದ ಗಿಡದಲ್ಲಿ ಆ ಒಂದು ಅಡಿ ಕೊಂಬೆ ಉಳಿಸೋದು ಹೇಗೆ? ಹೋದ ವರ್ಷ ಗೋಣಿ ಸುತ್ತಿ ಮೇಲೆ ಪ್ಲಾಸ್ಟಿಕ್ ಹಾಕಿದ್ದೆ, ಆದರೂ ಸತ್ತಿತು.

ಅಡ್ಡಕೊಂಬೆ (ಕ್ಲೀವ್‌ಲ್ಯಾಂಡ್)

ನಿಂತ ಗಿಡಕ್ಕೆ ಏನೇ ಸುತ್ತಿದರೂ ಆ ಹೊದಿಕೆ ಶಾಖ ಹುಟ್ಟಿಸುವುದಿಲ್ಲ. 2019ರ ಜನವರಿ 30ರಂದು ಚಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ -31 ಆಯಿತು. ಬಲಿತ ಅಂಜೂರದ ಕೊಂಬೆಗೂ -10ರ ಆಚೀಚೆಗೇ ಪೆಟ್ಟು. ಶಾಖ ಇರೋದು ನೆಲದಲ್ಲಿ, ಆದ್ದರಿಂದ ಗಿಡವನ್ನೇ ನೆಲಕ್ಕೆ ತರಬೇಕು. ನ್ಯೂಯಾರ್ಕ್‌ನ ಇಟಾಲಿಯನ್ ಮನೆಗಳಲ್ಲಿ ಇದಕ್ಕೇ ಒಂದು ಪಕ್ಕದ ಬೇರು ಕಡಿದು, ಗಿಡ ಬಗ್ಗಿಸಿ ಗುಂಡಿಯಲ್ಲಿ ಹೂಳುತ್ತಿದ್ದರು.

ಅದಕ್ಕಿಂತ ಸುಲಭ ಅಡ್ಡಕಾಂಡ. ನಾಲ್ಕು ಚಿಗುರಿನಲ್ಲಿ ಎರಡನ್ನು ಸೆಪ್ಟೆಂಬರ್‌ನಲ್ಲಿ, ಇನ್ನೂ ಬಳುಕುವಾಗಲೇ, ಗೋಡೆಗೆ ಸಮಾನಾಂತರವಾಗಿ ಎಡಕ್ಕೊಂದು ಬಲಕ್ಕೊಂದು ಬಗ್ಗಿಸಿ ನೆಲದಿಂದ 15-20 ಸೆಂಟಿಮೀಟರ್ ಎತ್ತರದಲ್ಲಿ ಗೂಟಕ್ಕೆ ಕಟ್ಟಿ. ಒಂದೇ ದಿನ ಬಗ್ಗಿಸಿದರೆ ಬುಡದಲ್ಲಿ ಸೀಳುತ್ತೆ, ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಿ. ಇವೇ ಶಾಶ್ವತ ಕಾಂಡ. ಮುಂದಿನ ಬೇಸಿಗೆ ಇವುಗಳಿಂದ ನೇರ ಮೇಲೇಳುವ ಚಿಗುರನ್ನು 30-40 ಸೆಂಟಿಮೀಟರಿಗೆ ಒಂದರಂತೆ ಬಿಡಿ. ಅವು ಹಣ್ಣು ಕೊಟ್ಟಮೇಲೆ ನವೆಂಬರ್‌ನಲ್ಲಿ ಎರಡು ಗೆಣ್ಣು ಬಿಟ್ಟು ಕತ್ತರಿಸಿ. ಆಗ ಮುಚ್ಚಬೇಕಾದ್ದು ಮೊಣಕಾಲೆತ್ತರದ ಒಂದು ಸಾಲು ಮಾತ್ರ.

ಮುಚ್ಚುವ ಕ್ರಮ: ಕಾಂಡದ ಮೇಲೆ 30 ಸೆಂಟಿಮೀಟರ್ ಒಣಹುಲ್ಲು ಅಥವಾ ತರಗೆಲೆ, ಅದರ ಮೇಲೆ ಡೇರೆಯಂತೆ 2 ಇಂಚಿನ ಫೋಮ್ ಬೋರ್ಡ್, ಮೇಲೆ ನೀರಿಳಿಯದ ಟಾರ್ಪಾಲ್, ಅಂಚಿಗೆ ಇಟ್ಟಿಗೆ. ಹುಲ್ಲು ಒದ್ದೆಯಾದರೆ ಬೆಚ್ಚಗಿಡುವುದು ಬಿಟ್ಟು ಕೊಳೆಸುತ್ತೆ. ಪ್ಲಾಸ್ಟಿಕ್ ಸುತ್ತಿದ ಗಿಡ ಸಾಯುವುದು ಹಲವು ಸಲ ಹೀಗೇ: ಒಳಗೆ ಬೆವರಿ ಬೂಷ್ಟು, ಫೆಬ್ರವರಿ ಬಿಸಿಲಿಗೆ ಹಬೆ, ಅದೇ ರಾತ್ರಿ ಹೆಪ್ಪು. ಇಲಿ ಮರೆಯಬೇಡಿ. ಬೆಚ್ಚಗಿನ ಹುಲ್ಲಿನೊಳಗೆ ಸೇರಿಕೊಂಡು ತೊಗಟೆಯನ್ನು ಸುತ್ತಲೂ ಕೆರೆದು ತಿಂದರೆ ಅಲ್ಲಿಂದ ಮುಂದಿನ ಭಾಗ ಪೂರ್ತಿ ಹೋಯಿತು. ಕಾಂಡದ ಸುತ್ತ ಕಾಲಿಂಚಿನ ತಂತಿಜಾಲರಿ ಸುತ್ತಿ ಆಮೇಲೆ ಹುಲ್ಲು ಹಾಕಿ.

ಮಾರ್ಚ್ ಕೊನೆಗೆ ಎರಡೂ ತುದಿ ತೆರೆದು ಗಾಳಿಯಾಡಲು ಬಿಡಿ, ಏಪ್ರಿಲ್ ಕೊನೆಗೆ ಪೂರ್ತಿ ತೆಗೆಯಿರಿ. ಕೊಂಬೆ ಬದುಕಿದೆಯೇ ನೋಡಲು ಉಗುರಲ್ಲಿ ಕೆರೆಯಿರಿ. ಹಸಿರು ಕಂಡು ಹಾಲು ಒಸರಿದರೆ ಜೀವ ಇದೆ. ಕಂದು ಬಣ್ಣ ಇದ್ದರೆ ಹಸಿರು ಸಿಗುವವರೆಗೆ ಕೆಳಕೆಳಗೆ ಕತ್ತರಿಸುತ್ತ ಬನ್ನಿ.

ಗೆಣ್ಣು_ಚಿಗುರು

ಈ ವರ್ಷದ ಕಾಯಿಗೂ ಒಂದು ಉಪಾಯ ಹೇಳುತ್ತೇನೆ. ಅಂಜೂರ ಮೊದಲು ಬೇಗ ಬೆಳೆದು, ಆಮೇಲೆ ವಾರಗಟ್ಟಲೆ ಅಲ್ಲಾಡದೆ ನಿಂತು, ಕೊನೆಯ ಕೆಲವೇ ದಿನದಲ್ಲಿ ಒಮ್ಮೆಲೇ ಉಬ್ಬುತ್ತೆ. ಆ ನಿಂತ ಅವಧಿಯ ಕೊನೆಯಲ್ಲಿ ಕಾಯಿಯ ತುದಿಯ ಕಣ್ಣು (ಸಣ್ಣ ರಂಧ್ರ) ನಸುಗೆಂಪಾಗುತ್ತೆ. ಆಗ ಕಡ್ಡಿಗೆ ಹತ್ತಿ ಸುತ್ತಿ ಒಂದೇ ಹನಿ ಆಲಿವ್ ಎಣ್ಣೆಯನ್ನು ಆ ಕಣ್ಣಿಗೆ ಮಾತ್ರ ಸವರಿ. ಹವೆ ಬೆಚ್ಚಗಿದ್ದರೆ ಒಂದು ವಾರದ ಆಸುಪಾಸು ಹಣ್ಣಾಗುತ್ತೆ. ಕಣ್ಣು ಇನ್ನೂ ಹಸಿರಿರುವಾಗ ಹಚ್ಚಿದರೆ ಕಾಯಿ ಸಪ್ಪೆಯಾಗುತ್ತೆ ಇಲ್ಲವೇ ಉದುರುತ್ತೆ. ಆಗಸ್ಟ್ ನಂತರ ಹುಟ್ಟಿದ ಸಾಸಿವೆ ಗಾತ್ರದವನ್ನು ಕಿತ್ತೆಸೆಯಿರಿ, ಅವು ಯಾವ ಎಣ್ಣೆಗೂ ಹಣ್ಣಾಗಲ್ಲ.

ಬಣ್ಣ ಬಂತು ಅಂತ ಕೀಳಬೇಡಿ. ಕುತ್ತಿಗೆ ಬಾಗಿ ಹಣ್ಣು ತಲೆಕೆಳಗಾಗಿ ಜೋತು, ಸಿಪ್ಪೆಯಲ್ಲಿ ಸಣ್ಣ ಬಿರುಕು ಕಾಣಬೇಕು. ಕಿತ್ತಾಗ ತೊಟ್ಟಿನಲ್ಲಿ ಬಿಳಿ ಹಾಲು ಬಂದರೆ ಇನ್ನೂ ಒಂದೆರಡು ದಿನ ಬೇಕಿತ್ತು ಅಂತ ಅರ್ಥ. ಕಿತ್ತಮೇಲೆ ಸಿಹಿ ಏರುವುದಿಲ್ಲ. ಮಳೆ ಬರುವ ಸೂಚನೆ ಇದ್ದರೆ ಹಿಂದಿನ ಸಂಜೆಯೇ ಬಿಡಿಸಿ, ಒಡೆದ ಹಣ್ಣಿಗೆ ನೀರು ಸೇರಿ ಹುಳಿ ಬರುತ್ತೆ. ನೊಣಕ್ಕೆ ತೆಳು ಬಲೆಬಟ್ಟೆಯ ಚೀಲ ಸಾಕು.

ಕತ್ತರಿಸುವಾಗ ಕೈಗವಸು, ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ. ಆ ಹಾಲು ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತೆ. ತಾಗಿದ ಕೂಡಲೇ ಸೋಪಿನಿಂದ ತೊಳೆದು ನೆರಳಿಗೆ ಬನ್ನಿ.