[ಪದಚರ್ಚೆ] ‘ಶ್ರೀರಂಗಪಟ್ಟಣದ ಬ್ಯಾರನ್’: ಗುರುವಾರದೊಳಗೆ ಒಂದು ಪದ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ಶ್ರೀರಂಗಪಟ್ಟಣದಲ್ಲಿ ನಡೆಯಲಿರುವ ಒಂದು ಸಣ್ಣ ಚಿತ್ರಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗುರುವಾರ ಮಧ್ಯಾಹ್ನ ಫ್ಲೆಕ್ಸ್ ಅಂಗಡಿಗೆ ಫೈಲು ಕೊಡಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

1799ರ ಮೇ 4ರಂದು ಕೋಟೆ ಬಿದ್ದಾಗ ಇಂಗ್ಲಿಷರ ಸೇನೆಯ ಮುಖ್ಯಸ್ಥನಾಗಿದ್ದವನು ಜನರಲ್ ಜಾರ್ಜ್ ಹ್ಯಾರಿಸ್. ಅವನಿಗೆ 1815ರಲ್ಲಿ ಬ್ಯಾರನ್ ಪಟ್ಟ ಸಿಕ್ಕಿತು. ಅದು ಇಂಗ್ಲೆಂಡಿನ ದೊರೆ ಕೊಡುವ, ಮನೆತನದಲ್ಲಿ ಇಳಿಯುವ ಒಂದು ಗೌರವಪಟ್ಟ. ಪಟ್ಟದ ಪೂರ್ತಿ ಒಕ್ಕಣೆಯಲ್ಲಿ ‘ಈಸ್ಟ್ ಇಂಡೀಸಿನ ಸೆರಿಂಗಪಟಂ ಮತ್ತು ಮೈಸೂರು, ಕೆಂಟ್ ಕೌಂಟಿಯ ಬೆಲ್ಮಾಂಟ್’ ಎಂಬ ಊರುಗಳಿವೆ. ಅದು ಗಂಡುಮಕ್ಕಳ ಸಾಲಿನಲ್ಲಿ ಇಳಿದು ಬಂದು ಈಗಲೂ ಆ ಮನೆತನದಲ್ಲಿದೆ.

ನನಗಿಂತ ಮೊದಲು ಕರಡು ಮಾಡಿದವರು ‘ಶ್ರೀರಂಗಪಟ್ಟಣದ ಅರಸ ಹ್ಯಾರಿಸ್’ ಎಂದು ಬರೆದಿದ್ದರು. ಮಾದರಿ ಫಲಕವನ್ನು ಗೋಡೆಗೆ ಒರಗಿಸಿಟ್ಟಿದ್ದೆವು. ಶ್ರೀರಂಗಪಟ್ಟಣದ್ದೇ ಆದ ಗಂಜಾಮಿನ ಹಿರಿಯರೊಬ್ಬರು ಬಂದು, ಕನ್ನಡಕ ಹಣೆಗೇರಿಸಿ, ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ‘ಟಿಪ್ಪು ಆದ್ಮೇಲೆ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಆಯ್ತು. ಮಧ್ಯ ಇವನ್ಯಾವನಪ್ಪಾ ಅರಸ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅವರು ಕೇಳಿದ್ದು ಸರಿಯಾಗಿಯೇ ಇದೆ.

‘ಬ್ಯಾರನ್’ಗೆ ಏನು ಬರೆಯಲಿ? ಊರಿನ ಹೆಸರನ್ನು ಅದಕ್ಕೆ ಹೇಗೆ ಸೇರಿಸಲಿ? ‘ನಾಲ್ಕನೆಯ ಬ್ಯಾರನ್’ ಎನ್ನುವ ಕಡೆ ‘ನಾಲ್ಕನೆಯ ತಲೆಮಾರು’ ಎಂದರೆ ನಡೆಯುತ್ತದೆಯೇ? ದಯವಿಟ್ಟು ಬೇಗ ತಿಳಿಸಿ.

ಪಿ.ಎಸ್., ಮಂಡ್ಯ

*

‘ಬ್ಯಾರನ್’ ಎಂದೇ ಬರೆಯಿರಿ. ಕಲೆಕ್ಟರ್, ಪೊಲೀಸ್, ಬ್ಯಾಂಕುಗಳನ್ನು ಅನುವಾದ ಮಾಡಿಕೊಂಡು ಯಾರೂ ಬದುಕುತ್ತಿಲ್ಲ. ಫಲಕ ಓದುವವರಿಗೆ ಬೇಕಾದದ್ದು ಯಾರು, ಯಾವಾಗ, ಏನು ಮಾಡಿದ ಎನ್ನುವುದು.

ಜಿ.ಎನ್., ಬೆಂಗಳೂರು

*

ಜಿ.ಎನ್. ಅವರೇ, ಕಲೆಕ್ಟರ್ ಒಂದು ಹುದ್ದೆ, ಬ್ಯಾಂಕು ಒಂದು ಸಂಸ್ಥೆ. ಇಲ್ಲಿ ಕೇಳುತ್ತಿರುವುದು ಬಿರುದಿನ ಮಾತು. ಸಾವಿರ ವರ್ಷ ಕಲ್ಲಿನ ಮೇಲೆ ಬಿರುದು ಕೊರೆದ ಭಾಷೆಗೆ ಈ ವಿಷಯದಲ್ಲಿ ಎರವಲು ಬೇಕೆನ್ನುವುದನ್ನು ನಾನು ಒಪ್ಪುವುದಿಲ್ಲ.

ಊರಿನ ಹೆಸರು ಬಿರುದಿನಲ್ಲಿದೆ, ಆದರೆ ಊರು ಕೈಯಲ್ಲಿಲ್ಲ. ಇದು ನಮ್ಮ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಗೋವೆಯಲ್ಲಿ ಆಳುತ್ತಿದ್ದ ಕದಂಬರು ತಮ್ಮನ್ನು ‘ಬನವಾಸಿಪುರವರಾಧೀಶ್ವರ’ ಎಂದು ಕರೆದುಕೊಂಡರು. ಸವದತ್ತಿಯ ರಟ್ಟರು ‘ಲತ್ತಲೂರುಪುರವರಾಧೀಶ್ವರ’ರು, ಅವರು ಕೂತಿದ್ದ ಸವದತ್ತಿ ಎಲ್ಲಿ, ಲಾತೂರು ಎಲ್ಲಿ. ಹೊಯ್ಸಳರು ‘ದ್ವಾರಾವತೀಪುರವರಾಧೀಶ್ವರ’ರು. ಹೆಸರಿನ ಊರು ಮೂಲವನ್ನೋ ಹಿರಿಮೆಯನ್ನೋ ಸಾರುತ್ತದೆ, ಆಳ್ವಿಕೆಯನ್ನಲ್ಲ. ಹ್ಯಾರಿಸನದೂ ಹಾಗೆಯೇ. ‘ಶ್ರೀರಂಗಪಟ್ಟಣಪುರವರಾಧೀಶ್ವರ’ ಎಂದು ಧೈರ್ಯವಾಗಿ ಬರೆಯಿರಿ.

ಇನ್ನು ಬ್ಯಾರನ್ನಿಗಿಂತ ಮೇಲಿನ ಪಟ್ಟವಾದ ‘ಡ್ಯೂಕ್’ ಬಂದರೆ, ಅದರ ಮೂಲ ಲ್ಯಾಟಿನ್ನಿನ ‘ದುಕ್ಸ್’, ದಂಡನ್ನು ನಡೆಸುವವನು. ನಮ್ಮಲ್ಲಿ ದಂಡನಾಯಕ, ಅದರಿಂದ ದಣ್ಣಾಯಕ. ಹುದ್ದೆಯಾಗಿ ಹುಟ್ಟಿದ ಪದ ಮನೆತನದ ಹೆಸರಾಗಿ ನಿಂತಿತು. ಡ್ಯೂಕ್ ಕೂಡ ನಡೆದದ್ದು ಇದೇ ಹಾದಿ.

ಕೆ.ಆರ್.ವಿ., ಮೈಸೂರು

*

ಕೆ.ಆರ್.ವಿ. ಸರ್, ಪದದ ಹುಟ್ಟೇ ಪದದ ಅರ್ಥವಲ್ಲ. ‘ಮಾರ್ಕ್ವಿಸ್’ ಎಂದರೆ ಮೂಲದಲ್ಲಿ ಗಡಿನಾಡು ಕಾಯುವವನು. ರಿಚರ್ಡ್ ವೆಲ್ಲೆಸ್ಲಿ ಗವರ್ನರ್ ಜನರಲ್ ಆಗಿದ್ದಾಗಲೇ, ನಾಲ್ಕನೆಯ ಮೈಸೂರು ಯುದ್ಧ ಗೆದ್ದದ್ದಕ್ಕೆ, 1799ರಲ್ಲಿ ಮಾರ್ಕ್ವಿಸ್ ಆದ. ಅದೂ ಐರ್ಲೆಂಡಿನ ಪಟ್ಟಗಳ ಸಾಲಿನಲ್ಲಿ. ಅವನು ಕಾದ ಗಡಿ ಯಾವುದು? ‘ಅರ್ಲ್’ ಒಂದನ್ನು ಬಿಟ್ಟರೆ ಡ್ಯೂಕ್, ಮಾರ್ಕ್ವಿಸ್, ವೈಕೌಂಟ್, ಬ್ಯಾರನ್ ನಾಲ್ಕೂ ಇಂಗ್ಲಿಷಿಗೇ ಫ್ರೆಂಚಿನಿಂದ ಬಂದವು. ಅವರು ಎರವಲು ಪಡೆದು ನೆಮ್ಮದಿಯಾಗಿದ್ದಾರೆ. ನಾವೇಕೆ ತಲೆ ಕೆಡಿಸಿಕೊಳ್ಳಬೇಕು?

ಜಿ.ಎನ್.

*

‘ಒಡೆಯ’ ಎಂದು ಬರೆಯಿರಿ, ಮುಗಿಯಿತು. ಒಡವೆ, ಒಡೆತನ, ಒಡೆಯ ಒಂದೇ ಬೇರಿನವು. ತಮಿಳಿನ ‘ಉಡಯ್ಯಾರ್’ ಕೂಡ ಅದೇ. ತನ್ನದು ಎಂದು ಉಳ್ಳವನು ಒಡೆಯ. ಇಶ್ಟು ನೇರವಾದ ಪದ ಮನೆಯಲ್ಲೇ ಇರುವಾಗ ಒಬ್ಬರು ಇಂಗ್ಲಿಶಿಗೂ ಇನ್ನೊಬ್ಬರು ಸಕ್ಕದಕ್ಕೂ ಓಡುತ್ತಿದ್ದಾರೆ. ‘ಪುರವರಾದೀಶ್ವರ’ ಎಂಬುದರಲ್ಲಿ ಕನ್ನಡದ್ದು ಯಾವುದಿದೆ? ಎರಡೂ ಎರವಲೇ. ಒಂದು ಹಳೆಯದು, ಒಂದು ಹೊಸದು, ಅಶ್ಟೇ.

ಹಾಗೆಯೇ ‘ಬಿರುದು’ ನಮ್ಮದೇ ಪದ. ಬಿರುಗಾಳಿ, ಬಿರುನುಡಿ, ಬಿರುಬಿಸಿಲು ಇವುಗಳಲ್ಲಿರುವ ‘ಬಿರು’ವೇ ಅಲ್ಲಿರುವುದು. ಸಕ್ಕದದವರು ನಮ್ಮಿಂದ ಪಡೆದರು.

ಚೆ., ತುಮಕೂರು

*

ಚೆ. ಅವರೇ, ಮೈಸೂರು ಸೀಮೆಯಲ್ಲಿ ‘ಮೈಸೂರಿನ ಒಡೆಯ ಹ್ಯಾರಿಸ್’ ಎಂಬ ಫಲಕ ನಿಲ್ಲಿಸಿ, ಹತ್ತು ನಿಮಿಷ ಅದರ ಪಕ್ಕ ನಿಂತು ನೋಡಿ. ಇಲ್ಲಿ ‘ಒಡೆಯರು’ ಎಂದರೆ ಒಂದೇ ಮನೆತನ. ಪದ ಶುದ್ಧವಾಗಿದ್ದರೆ ಸಾಲದು, ಆ ಊರಿನ ಕಿವಿಗೆ ಅದು ಹೇಗೆ ಬೀಳುತ್ತದೆ ಎನ್ನುವುದೂ ಮುಖ್ಯ. ‘ಬಿರುದು’ ದ್ರಾವಿಡವೋ ಸಂಸ್ಕೃತವೋ ಎಂಬುದು ಇನ್ನೂ ಜಗಳದಲ್ಲಿರುವ ಮಾತು. ‘ಬಿರು’ ಎಂಬ ಸದ್ದು ಕೇಳಿಸಿತೆಂದು ತೀರ್ಪು ಕೊಡಬೇಡಿ.

ಕೆ.ಆರ್.ವಿ.

*

ನಮಸ್ಕಾರ. ನೀವೆಲ್ಲ ಮೊದಲ ಪ್ರಶ್ನೆಯಲ್ಲೇ ಹಿಡಿದುಕೊಂಡು ಕೂತೀರಿ. ಪಾಪ, ಅವರಿಗೆ ಗುರುವಾರ ಗಡುವು ಅದ. ಮೂರನೇ ಪ್ರಶ್ನೆ ನಾನು ತಗೋತೀನಿ.

‘ನಾಲ್ಕನೆಯ ತಲೆಮಾರು’ ಅಂತ ಬರೀಬ್ಯಾಡ್ರಿ. ಹ್ಯಾರಿಸ್ ಮನೆತನದ ಮೊದಲ ನಾಲ್ಕು ಮಂದಿಗೆ ಅದು ಹೊಂದುತ್ತದೆ, ಅಪ್ಪನಿಂದ ಮಗನಿಗೆ ನೆಟ್ಟಗೆ ಇಳಿದಿದೆ. ಎಲ್ಲ ಕಡೆ ಹಾಗಿರುವುದಿಲ್ಲ. ನಿಮ್ಮ ಪ್ರದರ್ಶನದಲ್ಲಿ ರಿಚರ್ಡನ ತಮ್ಮ ಆರ್ಥರ್ ವೆಲ್ಲೆಸ್ಲಿಯ ಫಲಕವೂ ಇದ್ದೇ ಇರುತ್ತದೆ, ದರಿಯಾ ದೌಲತ್‌ನಲ್ಲಿ ಉಳಿದುಕೊಂಡವನು. ಅವನ ವೆಲಿಂಗ್ಟನ್ ಡ್ಯೂಕ್ ಪಟ್ಟ ನೋಡಿರಿ. ಆರನೆಯ ಡ್ಯೂಕ್ 1943ರಲ್ಲಿ ಇಟಲಿಯ ಸಲೆರ್ನೋದಲ್ಲಿ, ಯುದ್ಧದಲ್ಲಿ ಸತ್ತ. ಮದುವೆಯಾಗಿರಲಿಲ್ಲ. ಏಳನೆಯವನಾದದ್ದು ಅವನ ಕಾಕಾ, ಅಪ್ಪನ ತಮ್ಮ. ಅಂಕಿ ಮುಂದೆ ಹೋಯಿತು, ತಲೆಮಾರು ಹಿಂದೆ ಬಂತು. ‘ಏಳನೆಯ ತಲೆಮಾರು’ ಅಂದರೆ ಶುದ್ಧ ತಪ್ಪಾಗುತ್ತದೆ. ‘ಬ್ಯಾರನ್ ಪಟ್ಟಕ್ಕೆ ಬಂದ ನಾಲ್ಕನೆಯವನು’ ಅನ್ನಿ, ಸಾಕು.

ಅದೇ ಮನೆಯ ಇನ್ನೊಂದು ಮಾತು ಹೇಳಲೇಬೇಕು. ಆರ್ಥರ್‌ಗೆ ಸ್ಪೇನಿನವರು 1812ರಲ್ಲಿ ಸಿಉದಾದ್ ರೋದ್ರಿಗೋ ಎಂಬ ಊರಿನ ಡ್ಯೂಕ್ ಪಟ್ಟವನ್ನೂ ಕೊಟ್ಟಿದ್ದರು. 1943ರಲ್ಲಿ ಇಂಗ್ಲಿಷ್ ಪಟ್ಟ ಕಾಕಾಗೆ ಹೋಯಿತು, ಸ್ಪೇನಿನದು ಸತ್ತವನ ಅಕ್ಕನಿಗೆ ಬಂತು, ಯಾಕಂದರೆ ಅಲ್ಲಿನ ಕಾನೂನು ಹೆಣ್ಣುಮಗಳಿಗೂ ಕೊಡುತ್ತಿತ್ತು. ಆರು ವರ್ಷ ಇಟ್ಟುಕೊಂಡು 1949ರಲ್ಲಿ ಆಕೆ ಅದನ್ನು ಕಾಕಾಗೆ ಬಿಟ್ಟುಕೊಟ್ಟಳು. ಒಂದೇ ಮನೆ, ಒಂದೇ ಸಾವು, ಎರಡು ದಾರಿ. ‘ವಂಶಪಾರಂಪರ್ಯ’ ಅನ್ನುವ ಒಂದೇ ಪದದಿಂದ ಇವೆರಡನ್ನೂ ಮುಚ್ಚಿಬಿಟ್ಟರೆ ಆ ಅಕ್ಕ ಕಾಣುವುದೇ ಇಲ್ಲ. ‘ಗಂಡುಮಕ್ಕಳ ಸಾಲಿನಲ್ಲಿ ಇಳಿಯುವ ಪಟ್ಟ’ ಅಂತ ಬಿಡಿಸಿ ಬರೆಯಿರಿ.

‘ಪದವಿ’ ಬೇಡವೇ ಬೇಡ. ಇವತ್ತಿನ ಹುಡುಗರಿಗೆ ಪದವಿ ಅಂದರೆ ಬಿ.ಎ., ಬಿ.ಕಾಂ. ‘ವತನ’ವೂ ಹೊಂದುವುದಿಲ್ಲ. ವತನಕ್ಕೆ ಕೆಲಸವೂ ಇತ್ತು, ಭೂಮಿಯೂ ಇತ್ತು. ಈ ಬ್ಯಾರನ್ನಿಗೆ ಶ್ರೀರಂಗಪಟ್ಟಣದಲ್ಲಿ ಒಂದು ಗುಂಟೆಯೂ ಬರಲಿಲ್ಲ.

ವೆಲಿಂಗ್ಟನ್ ಡ್ಯೂಕನ ಹಿರಿಯ ಮಗ ಅಪ್ಪ ಬದುಕಿರುವಾಗಲೇ ‘ಡೌರೋದ ಮಾರ್ಕ್ವಿಸ್’ ಅನಿಸಿಕೊಳ್ಳುತ್ತಾನೆ, ಹಕ್ಕಿನಿಂದಲ್ಲ, ಮರ್ಯಾದೆಗೆ. ಇದಕ್ಕೆ ಪದ ಹುಡುಕಬೇಡಿ. ನಮ್ಮ ಕಡೆ ದೇಸಾಯರ ವಾಡೇದಾಗ ದೊಡ್ಡ ಧಣೇರು ಇರುವಾಗಲೇ ಮಗನಿಗೆ ‘ಸಣ್ಣ ಧಣೇರು’ ಅನ್ನುತ್ತಿದ್ದರು. ‘ಮನ್ನಣೆಗೆ ಕರೆಯುವ ಹೆಸರು’ ಅಂತ ಹಾಕಿರಿ.

ನಾಲ್ಕನೆಯ ಲಾರ್ಡ್ (ಅಂದರೆ ಬ್ಯಾರನ್) ಹ್ಯಾರಿಸ್ 1890ರಿಂದ 1895ರವರೆಗೆ ಮುಂಬಯಿಯ ಗವರ್ನರ್. ಆಗ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಮುಂಬಯಿ ಪ್ರಾಂತ್ಯದಲ್ಲಿದ್ದವು. ಪಟ್ಟಣ ಗೆದ್ದವನ ಮರಿಮಗ ನಮ್ಮನ್ನಾಳಿದ ಅಂತಾಯಿತು. ಇದನ್ನೂ ಫಲಕದಾಗ ಹಾಕಿದರೆ ನಮ್ಮ ಕಡೆಯಿಂದ ಬಂದವರು ನಿಂತು ಓದತಾರ.

ಎಸ್.ಬಿ.ಕೆ., ಧಾರವಾಡ

*

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೂರನೆಯ ಹ್ಯಾರಿಸ್ 1854ರಿಂದ 1859ರವರೆಗೆ ಮದ್ರಾಸಿನ ಗವರ್ನರ್. ಆಗ ಮಂಗಳೂರು, ಬಳ್ಳಾರಿ ಅವನ ಕೈಕೆಳಗಿದ್ದವು. ಎರಡು ತಲೆಮಾರಿನಲ್ಲಿ ಆ ಮನೆಯವರು ಕನ್ನಡನಾಡಿನ ಎರಡು ದಿಕ್ಕನ್ನು ಆಳಿದರು. ಬಿರುದಿನಲ್ಲಿದ್ದ ಮೈಸೂರು ಮಾತ್ರ ಅವರ ಕೈಗೆ ಬರಲಿಲ್ಲ.

ಜಿ.ಎನ್.

*

ನಾನಿರುವುದು ಕೆಂಟಿನಲ್ಲಿ. ಬೆಲ್ಮಾಂಟ್ ಇಲ್ಲಿಂದ ದೂರವಿಲ್ಲ, ಎರಡು ಸಲ ಹೋಗಿ ನೋಡಿದ್ದೇನೆ. ಶ್ರೀರಂಗಪಟ್ಟಣದ ಲೂಟಿಯಲ್ಲಿ ತನ್ನ ಪಾಲಿಗೆ ಬಂದ ಹಣದಿಂದ ಹ್ಯಾರಿಸ್ 1801ರಲ್ಲಿ ಕೊಂಡ ಮನೆ ಅದು. ಈಗ ಜನ ಅಲ್ಲಿಗೆ ಹೋಗುವುದು ಹೆಚ್ಚಾಗಿ ಗಡಿಯಾರಗಳನ್ನು ನೋಡಲು. ಐದನೆಯ ಲಾರ್ಡ್ ಹ್ಯಾರಿಸ್ ಕೂಡಿಟ್ಟದ್ದು, ಕೋಣೆಕೋಣೆಯಲ್ಲೂ ಇವೆ.

ಚರ್ಚೆಯಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ. ಪಟ್ಟದ ಹೆಸರು ‘ಬ್ಯಾರನ್ ಹ್ಯಾರಿಸ್’, ಅಷ್ಟೇ. ಅದಾದ ಮೇಲೆ ಅಲ್ಪವಿರಾಮ, ಆಮೇಲೆ ಊರುಗಳು. ಆ ಊರುಗಳು ಗುರುತಿಗೆ ಸೇರಿಸಿದವು, ಪಟ್ಟದ ಒಳಗಿನವಲ್ಲ. ‘ವೆಲಿಂಗ್ಟನ್ನಿನ ಡ್ಯೂಕ್’ ಬೇರೆ ಬಗೆಯದು. ಅಲ್ಲಿ ಊರೇ ಪಟ್ಟದ ಹೆಸರು. 1809ರಲ್ಲಿ ಆರ್ಥರ್ ಸ್ಪೇನಿನಲ್ಲಿ ಯುದ್ಧದಲ್ಲಿದ್ದಾಗ, ಮನೆತನದ ಹೆಸರಿಗೆ ಹತ್ತಿರವಾಗಿ ಕೇಳಿಸುತ್ತದೆಂದು ಸಾಮರ್ಸೆಟ್ಟಿನ ಆ ಊರನ್ನು ಅಣ್ಣ ವಿಲಿಯಂ ಆರಿಸಿಕೊಟ್ಟ. ಹಾಗಾಗಿ ‘ಶ್ರೀರಂಗಪಟ್ಟಣದ ಬ್ಯಾರನ್’ ಎಂಬುದೇ ತಪ್ಪು. ಅರಸನೂ ತಪ್ಪು, ಅಧೀಶ್ವರನೂ ತಪ್ಪು, ಒಡೆಯನೂ ತಪ್ಪು.

ಆ ಮನೆತನದ ಲಾಂಛನದ ಮೇಲ್ತುದಿಯಲ್ಲಿ ಕೋಟೆಗೋಡೆಯ ಕಿರೀಟ, ಅದರ ಮೇಲೆ ಹಸಿರು ಬಣ್ಣದ ಒಂದು ಹುಲಿ. ಎದೆಗೆ ಬಾಣ ನಾಟಿದೆ, ಗಾಯದಲ್ಲಿ ಕೆಂಪು. ಹುಲಿಯ ಹಣೆಯ ಮೇಲೆ ಪಾರಸಿ ಅಕ್ಷರದಲ್ಲಿ ಹೈದರನ ಗುರುತು. ನಮ್ಮೂರ ಹುಲಿಯನ್ನು ಅಲ್ಲಿ ಗಾಯಗೊಂಡು ನಿಂತಂತೆ ಕಂಡಾಗ ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಫಲಕದಲ್ಲಿ ಆ ಚಿತ್ರ ಹಾಕಿ. ಪದ ಹೇಳದ್ದನ್ನು ಅದು ಹೇಳುತ್ತದೆ.

ಎಚ್.ಎಂ., ಕೆಂಟ್

*

ಎಚ್.ಎಂ. ಅವರ ಅಲ್ಪವಿರಾಮಕ್ಕೆ ತಲೆಬಾಗುತ್ತೇನೆ. ‘ಪುರವರಾಧೀಶ್ವರ’ವನ್ನು ಹಿಂದಕ್ಕೆ ತೆಗೆದುಕೊಂಡೆ.

ಆದರೆ ಆ ಹುಲಿಯ ಮಾತು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಸರಿಯಾದ ಪದ ನಮ್ಮ ಕಣ್ಣೆದುರೇ ಇದೆ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಕಿತ್ತುಕೊಂಡು ‘ತಲಕಾಡುಗೊಂಡ’ ಎನಿಸಿಕೊಂಡ. ಅವನ ಮಗ, ಮೊಮ್ಮಗನ ಶಾಸನಗಳಲ್ಲೂ ಅದೇ ಬಿರುದು ಬರುತ್ತದೆ, ತಲಕಾಡನ್ನು ಅವರು ಗೆದ್ದವರಲ್ಲದಿದ್ದರೂ. ಗೆದ್ದ ಊರಿನ ಹೆಸರು ಮನೆತನಕ್ಕೆ ಅಂಟಿ ತಲೆಮಾರು ದಾಟುವುದು ಎಂದರೆ ಇದೇ. ಹ್ಯಾರಿಸನ ಮರಿಮಗ ‘ಸೆರಿಂಗಪಟಂ’ ಹೊತ್ತು ಮುಂಬಯಿಗೆ ಬಂದದ್ದೂ ಇದೇ. ‘ಶ್ರೀರಂಗಪಟ್ಟಣಗೊಂಡ ಹ್ಯಾರಿಸ್’. ತಲಕಾಡು ಅದೇ ಕಾವೇರಿಯ ಕೆಳದಂಡೆಯಲ್ಲಿದೆ. ಇದಕ್ಕಿಂತ ಹತ್ತಿರದ ಪದ ಯಾವ ಭಾಷೆಯಲ್ಲೂ ಸಿಗದು.

ಕೆ.ಆರ್.ವಿ.

*

‘ಕೊಳ್ಳು’ವಿನಿಂದ ‘ಕೊಂಡ’, ಅದರಿಂದ ‘ಗೊಂಡ’. ಇದು ಕನ್ನಡ. ಮೊದಲೇ ಇದನ್ನು ಹೇಳಿದ್ದರೆ ಇಶ್ಟು ಜಗಳ ಇರುತ್ತಿರಲಿಲ್ಲ. ಒಪ್ಪಿದೆ.

ಚೆ.

*

ಎಲ್ಲರಿಗೂ ವಂದನೆ. ಬುಧವಾರ ರಾತ್ರಿ ಹನ್ನೊಂದಾಗಿದೆ, ನಿರ್ಧಾರ ಮಾಡಿದ್ದೇನೆ.

ಗುರುಗಳೇ, ‘ಶ್ರೀರಂಗಪಟ್ಟಣಗೊಂಡ’ ಎಂಬ ಪದವನ್ನು ನಾನು ಇಡೀ ದಿನ ಬಾಯಲ್ಲಿಟ್ಟುಕೊಂಡು ಓಡಾಡಿದೆ. ಅರ್ಥಕ್ಕೆ ಅದೇ ಸರಿ. ಆದರೆ ಬಿರುದು ಹೊಗಳಿಕೆ. ಗೆದ್ದವನ ಕಡೆಯವರು ಗೆದ್ದವನಿಗೆ ಹೇಳುವ ಮಾತು. ತಲಕಾಡುಗೊಂಡನನ್ನು ಹೊಗಳಿದ್ದು ಹೊಯ್ಸಳರ ಕವಿಗಳು. ಕೋಟೆ ಒಡೆದ ಜಾಗದಿಂದ ಕೂಗಳತೆಯಲ್ಲಿ, ಗಂಜಾಮಿನವರು ಓದುವ ಫಲಕದಲ್ಲಿ, ನಮ್ಮ ದನಿಯಲ್ಲೇ ಅದನ್ನು ಹೇಳಲು ನನಗೆ ಮನಸ್ಸು ಬರಲಿಲ್ಲ. ಆದ್ದರಿಂದ ಪದವನ್ನು ಉಳಿಸಿಕೊಂಡು, ಅದನ್ನು ಆಡಿದವರು ಯಾರೆಂದು ತೋರಿಸಿದ್ದೇನೆ. ಪಾಠ ಹೀಗಿದೆ:

‘ಜನರಲ್ ಜಾರ್ಜ್ ಹ್ಯಾರಿಸ್. ಕೋಟೆ ಗೆದ್ದ ಹದಿನಾರು ವರ್ಷಕ್ಕೆ, 1815ರಲ್ಲಿ, ಇಂಗ್ಲೆಂಡಿನ ದೊರೆ ಈತನಿಗೆ ಬ್ಯಾರನ್ ಪಟ್ಟ ಕೊಟ್ಟು, ಗುರುತಿಗೆ ಶ್ರೀರಂಗಪಟ್ಟಣ, ಮೈಸೂರುಗಳ ಹೆಸರು ಸೇರಿಸಿದ. ಹೊಯ್ಸಳರು ವಿಷ್ಣುವರ್ಧನನನ್ನು ತಲಕಾಡುಗೊಂಡ ಎಂದಂತೆ, ಇಂಗ್ಲಿಷರು ಈತನನ್ನು ಶ್ರೀರಂಗಪಟ್ಟಣಗೊಂಡ ಎಂದಂತಾಯಿತು. ಈ ಊರುಗಳ ಆಳ್ವಿಕೆಯಾಗಲಿ ನೆಲವಾಗಲಿ ಪಟ್ಟದ ಜೊತೆ ಬರಲಿಲ್ಲ. ಗಂಡುಮಕ್ಕಳ ಸಾಲಿನಲ್ಲಿ ಇಳಿಯುವ ಈ ಪಟ್ಟಕ್ಕೆ ಬಂದ ಮೂರನೆಯವನು ಮದ್ರಾಸಿನ, ನಾಲ್ಕನೆಯವನು ಮುಂಬಯಿಯ ಗವರ್ನರ್ ಆದರು.’

ಪಕ್ಕದಲ್ಲಿ ಹುಲಿಯ ಚಿತ್ರ. ಅಡಿಯಲ್ಲಿ ಒಂದೇ ಸಾಲು: ‘ಹಣೆಯ ಮೇಲೆ ಪಾರಸಿಯಲ್ಲಿ ಹೈದರನ ಗುರುತು’.

ಬೆಳಿಗ್ಗೆ ಒಂಬತ್ತಕ್ಕೆ ಫೈಲು ಕಳಿಸುತ್ತೇನೆ. ಅಷ್ಟರೊಳಗೆ ಯಾರಿಗಾದರೂ ಕಾಗುಣಿತ ತಪ್ಪು ಕಂಡರೆ ನೇರವಾಗಿ ಫೋನ್ ಮಾಡಿ, ಎದ್ದಿರುತ್ತೇನೆ.

ಪಿ.ಎಸ್.

*

‘ಪಟ್ಟ ಕೊಟ್ಟು’ ಎನ್ನುವಲ್ಲಿ ‘ಕಟ್ಟಿ’ ಎಂದು ಮಾಡಿ. ಪಟ್ಟವನ್ನು ಕನ್ನಡದಲ್ಲಿ ಕಟ್ಟುತ್ತಾರೆ.

ಕೆ.ಆರ್.ವಿ.

*

ಪಟ್ಟ ಕಟ್ಟುವುದು ಸಿಂಹಾಸನಕ್ಕೆ. ‘ಕೊಟ್ಟು’ ಹಾಗೇ ಇರಲಿ, ಇಲ್ಲದಿದ್ದರೆ ಮತ್ತೆ ಅರಸನಾಗುತ್ತಾನೆ.

ಎಸ್.ಬಿ.ಕೆ.