ಅಥ್ಲೀಟ್ ಗುಂಡಿ

"17.8!" ಶೀನ ತೂಕದ ಯಂತ್ರದ ಮೇಲಿಂದಲೇ ಕೂಗಿದ. "ನಿನ್ನೆ ಕೊಬ್ಬು 24 ಪರ್ಸೆಂಟ್ ಇತ್ತು ಕಣ್ರೋ!"

"ರಾತ್ರಿಯೆಲ್ಲ ಏನು ಮಾಡಿದೆ?" ಗುಂಡಣ್ಣನಿಗೆ ಗಾಬರಿ.

"ಯಂತ್ರದಲ್ಲಿ ಕ್ರೀಡಾಪಟುಗಳಿಗಂತ ಇರೋ ಅಥ್ಲೀಟ್ ಮೋಡ್ ಒತ್ತಿದೆ."

"ಆಹಾ! ಯಾವ ಬೆರಳಲ್ಲಿ ಒತ್ತಬೇಕು?"

"ಗುಂಡಿ ಒತ್ತಿದರೆ ಬದಲಾಗೋದು ಯಂತ್ರ ಲೆಕ್ಕ ಹಾಕೋ ಸೂತ್ರ, ಹೊಟ್ಟೆಯಲ್ಲ" ಎಂದ ರಘು. "ಯಂತ್ರ ಒಂದು ಕಾಲಿಂದ ಸಣ್ಣ ಕರೆಂಟ್ ಹತ್ತಿಸಿ ಇನ್ನೊಂದರಿಂದ ಇಳಿಸುತ್ತೆ. ನೀರು ತುಂಬಿದ ಸ್ನಾಯುವಿನಲ್ಲಿ ಸಲೀಸು, ಕೊಬ್ಬಿನಲ್ಲಿ ತಡೆ. ಸೊಂಟದಿಂದ ಮೇಲೆ ಬರೀ ಅಂದಾಜು. ಅಂದಾಜಿಗೆ ಪಾಯಿಂಟ್ ಎಂಟು ಬೇರೆ!"

"ಬ್ಯಾಸ್ಕೆಟ್‌ಬಾಲ್ ಆಟಗಾರರೂ ಕೊಬ್ಬು ಅಳೀತಾರಲ್ಲ?" ಎಂದ ಶೀನ.

"ಕ್ಯಾಲಿಪರ್ ಅಂತ ಚರ್ಮದ ಮಡಿಕೆ ಅಳೆಯೋ ಇಕ್ಕಳ ಹಿಡಿದು ಅಳೀತಾರೆ. ಬಲಮೈಯಲ್ಲೇ ಏಳು ಕಡೆ: ತೋಳಿನ ಹಿಂದೆ, ಎದೆ, ಕಂಕುಳ ಕೆಳಗೆ, ಬೆನ್ನಿನ ರೆಕ್ಕೆಮೂಳೆ ಕೆಳಗೆ, ಹೊಟ್ಟೆ, ಸೊಂಟದ ಮೂಳೆ ಮೇಲೆ, ತೊಡೆ. ಬೆರಳಲ್ಲಿ ಚರ್ಮ ಹಿಡಿದೆತ್ತಿ, 1 ಸೆಂಟಿಮೀಟರ್ ಆಚೆ ಕಚ್ಚಿಸಿ, 2 ಸೆಕೆಂಡಿಗೆ ಓದಿಬಿಡಬೇಕು. ತಡಮಾಡಿದರೆ ಕೊಬ್ಬು ಅಮುಕಿಹೋಗಿ ಅಂಕಿ ಇಳಿಯುತ್ತೆ. ಪ್ರತಿ ಸಲ ಅಳೆಯೋನೂ ಒಬ್ಬನೇ ಇರಬೇಕು, ಒಬ್ಬೊಬ್ಬರ ಚಿವುಟು ಒಂದೊಂದು ಥರ. ಜಾಣರು ಪರ್ಸೆಂಟ್ ಗೊಡವೆಗೇ ಹೋಗದೆ ಏಳೂ ಕಡೆಯ ಮಿಲಿಮೀಟರ್ ಕೂಡಿಸಿ ಇಟ್ಕೋತಾರೆ. ಮುಂದಿನ ಸಲ ಇಳಿಯಿತಾ, ಏರಿತಾ, ಅಷ್ಟೇ."

"ಗುಂಡಿ ಇಲ್ವಾ?"

"ಇಲ್ಲ."

"ಥೂ" ಎಂದ ಗುಂಡಣ್ಣ.

"ಅಂಕಿ ನೋಡಿ ಆಟ ಅಳೆಯೋಕಾಗಲ್ಲ" ಎಂದ ರಘು. "ಬ್ಯಾಸ್ಕೆಟ್‌ಬಾಲಿನ ನಿಕೋಲಾ ಯೋಕಿಚ್ 2.11 ಮೀಟರ್, ಸುಮಾರು 129 ಕಿಲೋ. ಎತ್ತರಕ್ಕೆ ತೂಕ ಹೋಲಿಸೋ ಬಿಎಂಐ ಪ್ರಕಾರ 29, ಬೊಜ್ಜಿನ ಹೊಸ್ತಿಲು. ಆದರೂ 2021, 2022, 2024ರಲ್ಲಿ ಅಮೆರಿಕದ ಎನ್‌ಬಿಎ ಲೀಗಿನ ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರ. ಕೆವಿನ್ ಡುರಾಂಟ್ ಎನ್‌ಬಿಎ ಸೇರೋ ಮುಂಚಿನ 2007ರ ಪರೀಕ್ಷೆಯಲ್ಲಿ 84 ಕಿಲೋ ಬಾರನ್ನು ಮಲಗಿ ಒಂದು ಸಲವೂ ಎತ್ತಲಿಲ್ಲ, 2014ರಲ್ಲಿ ಅವನೂ ಎಂವಿಪಿ. ರಿಂಗ್ ಕೆಳಗೆ ಬೆನ್ನು ಕೊಟ್ಟು ತಳ್ಳೋ ಸೆಂಟರಿಗೆ ಮೈಭಾರವೇ ಬಂಡವಾಳ. ಓಡೋ ಗಾರ್ಡಿಗೆ ಅದೇ ಸಾಲ, ಜಿಗಿದಾಗಲೆಲ್ಲ ಬಡ್ಡಿ ಕಟ್ಟೋದು ಮಂಡಿ."

"ಹಾಗಾದ್ರೆ ನಾನೂ ಯೋಕಿಚ್ಚೇ!"

"ತೂಕದಲ್ಲಿ ಹತ್ತಿರ ಬಂದಿದ್ದೀಯ ಗುಂಡಣ್ಣ. ಎತ್ತರವೊಂದು ಬಾಕಿ."

ರಘು ಶೀನನ ಮೊಬೈಲ್ ಇಸಕೊಂಡು ಯಂತ್ರದ ಆ್ಯಪ್ ನೋಡಿದ. "ವಯಸ್ಸು 28 ಅಂತ ಹಾಕಿದ್ದೀಯಲ್ಲೋ? ಇದನ್ನೂ ಸೂತ್ರ ನಂಬುತ್ತೆ."

ಶೀನ ಮೆಲ್ಲಗೆ ಕೆಳಗಿಳಿದ. "ಕೊನೇ ಸಲ ಹಾರಿ ರಿಂಗ್ ಮುಟ್ಟಿದ್ದು ಆಗಲೇ ಕಣೋ."

ರಿಂಗಂತೂ ಆಗಲೂ ಈಗಲೂ 3.05 ಮೀಟರಲ್ಲೇ ಇದೆ. ರಘು ಅದನ್ನು ಹೇಳಲಿಲ್ಲ.

ಗುಂಡಣ್ಣ ಕಾಲುಚೀಲ ಕಳಚಿದ. "ನನಗೂ 28 ಅಂತಲೇ ಒತ್ತು" ಎಂದು ಹತ್ತಿ ನಿಂತ.