ನಾದಿನಿ ಸಾರಿ ಕೇಳಿದರೂ ಸಿಟ್ಟು ಇಳಿಯುತ್ತಿಲ್ಲ, ಏನು ಮಾಡಲಿ?

ಬಿಸಿಲುಮಳೆ:
ನನ್ನ ನಾದಿನಿ ಕಾಲೇಜಿಗೆಂದು ನಮ್ಮ ಜೊತೆ ಇದ್ದಾಳೆ. ಒಳ್ಳೆ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈಮೇಲೆ ಗ್ಯಾನವೇ ಇರಲ್ಲ. ಹೊಸ ಕೆಂಪು ದುಪಟ್ಟಾನ ಬಿಳಿ ಬಟ್ಟೆಗಳ ಜೊತೆ ಮೆಷಿನ್‌ಗೆ ಹಾಕಿದಳು. ಕೀ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಳು. ಮೊನ್ನೆ ಲ್ಯಾಪ್‌ಟಾಪ್ ಪಕ್ಕ ನೀರಿನ ಲೋಟ ಇಟ್ಟು, ಚಾರ್ಜರ್ ವೈರ್ ಕಾಲಿಗೆ ಸಿಕ್ಕಿ, ಲೋಟ ಉರುಳಿತು. ಕೀಬೋರ್ಡ್ ಹೋಯಿತು.

ಅದಕ್ಕಿಂತ ಕಷ್ಟ ಆಮೇಲಿನದು. "ಸಾರಿ ಅತ್ತಿಗೆ, ಸಾರಿ ಅತ್ತಿಗೆ" ಅಂತ ಅಳುತ್ತಾಳೆ, ಊಟ ಬಿಡುತ್ತಾಳೆ. ಕೊನೆಗೆ ನಾನೇ ಸಮಾಧಾನ ಮಾಡಿ "ಹೋಗ್ಲಿ ಬಿಡೇ" ಅನ್ನಬೇಕು. ಒಳಗೆ ಮಾತ್ರ ಕುದಿಯುತ್ತಿರುತ್ತೆ. ನಮ್ಮ ಯಜಮಾನರು "ಚಿಕ್ಕವಳು, ಸುಮ್ನಿರು" ಅಂತಾರೆ. ಹೋಗಿದ್ದು ಅವರ ಲ್ಯಾಪ್‌ಟಾಪ್ ಅಲ್ವಲ್ಲ! ಮನಸ್ಸಿನಿಂದ ಕ್ಷಮಿಸೋದು ಹೇಗೆ? ಮತ್ತೆ ಆಗದ ಹಾಗೆ ನೋಡಿಕೊಳ್ಳೋದು ಹೇಗೆ?

ನೇರಮಾತು:
ರಿಪೇರಿ ಖರ್ಚಲ್ಲಿ ಸ್ವಲ್ಪ ಅವಳೇ ಕೊಡಲಿ. ಅಳು ತಾನಾಗಿ ನಿಲ್ಲುತ್ತೆ.

ರಾತ್ರಿಪಾಳಿ:
ನಾನು ವಾರ್ಡ್‌ನಲ್ಲಿ ನರ್ಸ್. ಹೊಸದಾಗಿ ಸೇರಿದವರು ತಪ್ಪಾದಾಗ ಅಳೋದು ನಮಗೂ ಹೊಸದಲ್ಲ. ಆಗ ನಾವು ಮೊದಲು ಕೇಳೋದು "ಯಾರು ಮಾಡಿದ್ದು?" ಅಂತ ಅಲ್ಲ, "ರೋಗಿ ಹೇಗಿದ್ದಾರೆ?" ಅಂತ. ಅಳುವವರ ಕೈಗೆ ಒಂದು ಕೆಲಸ ಕೊಡುತ್ತೇವೆ. ನಿಮ್ಮ ಮನೆಯಲ್ಲೂ ಅಷ್ಟೇ. "ಪ್ಲಗ್ ತೆಗಿ, ಆಫ್ ಮಾಡು, ಬೋರಲು ಹಾಕು, ಬಟ್ಟೆ ತಾ." ಸಾರಿ ಆಮೇಲೆ ಬರಲಿ.

ಜೇಮ್ಸ್ ರೀಸನ್ ಅಂತ ಒಬ್ಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ತಪ್ಪುಗಳನ್ನು ಬೇರೆ ಬೇರೆ ಮಾಡಿ ನೋಡಿದರು. ಮಾಡಬೇಕಾದ್ದು ಗೊತ್ತಿದ್ದೂ ಕೈತಪ್ಪೋದು ಅಥವಾ ಮರೆಯೋದು ಒಂದು. ಯೋಚನೆಯೇ ತಪ್ಪಾಗಿರೋದು ಇನ್ನೊಂದು. ನಿಯಮ ಗೊತ್ತಿದ್ದೂ ಬೇಕಂತಲೇ ಮುರಿಯೋದು ಬೇರೆಯೇ. ಕೀ ಮರೆತದ್ದು, ಲೋಟ ಉರುಳಿದ್ದು ಮೊದಲನೆಯದು. ಕೆಂಪು ಬಟ್ಟೆ ಬಣ್ಣ ಬಿಡುತ್ತೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ ಅಂದರೆ ಅದು ಎರಡನೆಯದು, ಹೇಳಿಕೊಟ್ಟರೆ ಮುಗೀತು. ಮೊದಲನೆಯದಕ್ಕೆ ಮಾತ್ರ "ಹುಷಾರಾಗಿರು" ಅನ್ನೋದು ಕೆಲಸಕ್ಕೆ ಬರಲ್ಲ. ಹುಷಾರಾಗಿ ಇದ್ದೀನಿ ಅಂದುಕೊಂಡಾಗಲೇ ಅಲ್ವಾ ಕೈ ತಪ್ಪೋದು? ಜಾಗ ಬದಲಾಯಿಸಿ. ಚಾರ್ಜರ್ ವೈರ್ ಓಡಾಡೋ ದಾರಿಯಲ್ಲಿ ಯಾಕಿದೆ? ಕೀಗೆ ಬಾಗಿಲ ಪಕ್ಕವೇ ಒಂದು ಮೊಳೆ ಹೊಡೆಯಿರಿ.

"ಹೋಗ್ಲಿ ಬಿಡೇ" ಅನ್ನೋದನ್ನ ಮಾತ್ರ ನಿಲ್ಲಿಸಿ ಅಂತೀನಿ. ಹೋಗಿಲ್ಲವಲ್ಲ! "ನನಗೆ ಈಗ ಸಿಟ್ಟು ಬಂದಿದೆ, ಸಂಜೆ ಮಾತಾಡೋಣ" ಅಂತ ಹೇಳಿದರೆ ಅವಳಿಗೂ ನಿಮ್ಮ ಮಾತಿನ ಮೇಲೆ ನಂಬಿಕೆ ಉಳಿಯುತ್ತೆ. ಸಂಜೆ ಕೂತಾಗ ಹೇಳಬೇಕಾದ್ದು ಲ್ಯಾಪ್‌ಟಾಪ್ ವಿಷಯ. ದುಪಟ್ಟಾ, ಕೀ ಎಲ್ಲ ಎಳೆದು ತರಬೇಡಿ. "ನೀನು ಯಾವಾಗಲೂ ಹೀಗೇ" ಅಂದ ಕೂಡಲೇ ಕಿವಿ ಮುಚ್ಚಿಹೋಗುತ್ತೆ.

ನೇರಮಾತು:
ಹೀಗೆ ಮೆತ್ತಗೆ ಹೋದರೆ ಸದರ ಆಗಲ್ವಾ ಸಿಸ್ಟರ್?

ರಾತ್ರಿಪಾಳಿ:
ಆಗಬಹುದು, ಎಲ್ಲದಕ್ಕೂ ಒಂದೇ ಮಾಫಿ ಇದ್ದರೆ. ಅಮೆರಿಕದಲ್ಲಿ ವಿಮಾನದವರಿಗೆ 1976ರಿಂದ ಒಂದು ವ್ಯವಸ್ಥೆ ಇದೆ, ನಾಸಾ ನಡೆಸುತ್ತೆ. ಪೈಲಟ್ ತನ್ನಿಂದ ಆದ ತಪ್ಪನ್ನ 10 ದಿನದೊಳಗೆ ತಾನೇ ಬರೆದು ತಿಳಿಸಿದರೆ ಸಾಮಾನ್ಯವಾಗಿ ದಂಡನೆಯಿಂದ ವಿನಾಯಿತಿ. ಬೇಕಂತಲೇ ಮಾಡಿದ್ದಕ್ಕೆ, ಅಪರಾಧಕ್ಕೆ, ಅಪಘಾತಕ್ಕೆ ಅದು ಇಲ್ಲ. ಕ್ಷಮೆಗೂ ಗಡಿ ಇದೆ, ನೋಡಿ.

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಅಂತ ಒಬ್ಬ ಅಮೆರಿಕನ್ ಸಂಶೋಧಕಿ ಆಸ್ಪತ್ರೆ ತಂಡಗಳನ್ನ ನೋಡಿದಾಗ, ಒಳ್ಳೆ ತಂಡಗಳಲ್ಲೇ ತಪ್ಪುಗಳ ಲೆಕ್ಕ ಜಾಸ್ತಿ ಬಂತು. ಆ ತಂಡದವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಮುಚ್ಚಿಡದೆ ಹೇಳುತ್ತಿದ್ದರು ಅಂತ ಏಮಿ ಅವರಿಗೆ ಅನ್ನಿಸಿತು. ನನಗಂತೂ ಆಶ್ಚರ್ಯ ಆಗಲಿಲ್ಲ. ಬೈಯೋ ಸೀನಿಯರ್ ಪಾಳಿಯಲ್ಲಿ ವಾರ್ಡ್ ಎಷ್ಟು ಶಾಂತವಾಗಿರುತ್ತೆ ಅಂತ ನೋಡಿದ್ದೀನಿ, ಆ ಶಾಂತಿಗೆ ನನಗೆ ಭಯ.

ಖರ್ಚಿನ ಬಗ್ಗೆ ನೀವಂದದ್ದು ಒಪ್ಪುತ್ತೇನೆ. ಕೊಡಲಿ, ಆದರೆ ಶಿಕ್ಷೆ ಥರ ಬೇಡ. ಕೊಟ್ಟರೆ ಅವಳಿಗೂ ಹಗುರ ಆಗುತ್ತೆ.

ಬಿಸಿಲುಮಳೆ:
ವೈರ್ ವಿಷಯ ನಿಜ, ಪ್ಲಗ್ ಇರೋದೇ ಬಾಗಿಲ ಹತ್ತಿರ. ಮೇಜನ್ನ ಆಚೆ ಗೋಡೆಗೆ ಸರಿಸ್ತೀವಿ. ಆದರೆ ಮಾತು ಶುರು ಮಾಡಿದ ಕೂಡಲೇ ಅವಳು ಮತ್ತೆ ಅತ್ತರೆ?

ರಾತ್ರಿಪಾಳಿ:
ಅಳಲಿ. ನೀವು ಎದ್ದು ಹೋಗಬೇಡಿ, ಮಾತನ್ನೂ ಹಿಂದೆ ತಗೋಬೇಡಿ. ಎದುರುಬದುರು ಕೂರಿಸಿ ಮಾತಾಡೋದಕ್ಕಿಂತ ಮೇಜು ಸರಿಸುವಾಗಲೇ ಹೇಳಿದರೆ ವಾಸಿ. ಯಜಮಾನರು ಆಗ ಅಲ್ಲಿ ಇರದಿದ್ದರೆ ಇನ್ನೂ ವಾಸಿ, ಮಧ್ಯೆ "ಚಿಕ್ಕವಳು" ಅಂತ ಶುರು ಮಾಡಿಬಿಡ್ತಾರೆ.